ಕೇಳಿಸದ ವಾದ್ಯಕ್ಕೆ 25 ಸಾವಿರವಾ?

ನೀವು ಇದನ್ನು ಓದ್ತಾ ಇರುವ ಫೋನಿನಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಒಂದು ಹಾಡು ಹಾಕಿ. ಸಂಗೀತ ಇಳಯರಾಜಾ ಅವರದ್ದು. ಮೊದಲು ಫೋನಿನ ಸ್ಪೀಕರಿನಲ್ಲಿ ಕೇಳಿ. ಆಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಹಾಡು ಕೇಳಿ. ಎರಡನೇ ಸಲ ಹಾಡಿನ ಅಡಿಯಲ್ಲಿ ಯಾರೋ ಹೆಜ್ಜೆ ಹಾಕಿಕೊಂಡು ಹೋದ ಹಾಗೆ ಒಂದು ದಪ್ಪ ಸ್ವರ ಸಿಗ್ತದೆ. ಅದು ಬಾಸ್ ಗಿಟಾರ್.

ಬಾಸ್‌ನ ಅತಿ ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸ್ತದೆ, ಅಂದರೆ 41 ಹರ್ಟ್ಸ್. ಉಗುರಿನಷ್ಟು ದೊಡ್ಡ ಫೋನ್ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತಿಲ್ಲ. ಹಾಗಾಗಿ ನಮ್ಮಲ್ಲಿ ಸುಮಾರು ಜನ ಬಾಸನ್ನು ದಿನಾ ಕೇಳ್ತಾರೆ, ಆದರೆ ಅದು ಬಾಸ್ ಎಂದು ಗೊತ್ತಿರುವುದಿಲ್ಲ.

ನಮ್ಮ ಊರಿನವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಯಕ್ಷಗಾನದ ಮದ್ದಳೆ ನೆನಪು ಮಾಡಿಕೊಳ್ಳಿ. ಚೆಂಡೆ ನಾಲ್ಕು ಗದ್ದೆ ಆಚೆಗೂ ಕೇಳ್ತದೆ. ಮದ್ದಳೆ ಅಷ್ಟು ದೂರ ಬರುವುದಿಲ್ಲ. ಆದರೆ ಭಾಗವತರ ಪದದ ಕೆಳಗಿಂದ ಮದ್ದಳೆ ತೆಗೆದರೆ ಪದ ಬೋಳಾಗ್ತದೆ.

ಈ ಕತೆಯೆಲ್ಲ ಯಾಕೆ ಅಂದರೆ, ನನ್ನ ಅಕ್ಕನ ಮಗನಿಗೆ ಬಾಸ್ ಬೇಕು.

ಅವನ ಮನೆ ವಿಟ್ಲ ಪೇಟೆಯಿಂದ ಸ್ವಲ್ಪ ಒಳಗೆ. ಕೆಲಸ ಪುತ್ತೂರಿನಲ್ಲಿ. ಸಂಬಳ 19 ಸಾವಿರ, ಅದರಲ್ಲಿ 10 ಸಾವಿರ ಮನೆಗೆ. ಗೆಳೆಯರ ಜೊತೆ ಸೇರಿ ಒಂದು ರಸಮಂಜರಿ ತಂಡ ಕಟ್ಟಿದ್ದಾನೆ. ಇಬ್ಬರು ಗಿಟಾರ್, ಒಬ್ಬ ಕೀಬೋರ್ಡ್, ಒಬ್ಬ ಡ್ರಮ್ಸ್. ಬಾಸ್ ಹಿಡಿಯುವವರು ಇಲ್ಲ. 14 ತಿಂಗಳು ಕೂಡಿಸಿಟ್ಟ 25 ಸಾವಿರ ಅವನ ಹತ್ತಿರ ಉಂಟು. “ಮಾವ, ಇಷ್ಟರಲ್ಲಿ ಆಂಪ್ಲಿಫೈಯರ್ ಸಮೇತ ಆಗ್ತದಾ?” ಅಂತ ಕೇಳಿದ.

ಭಾವನ ಪ್ರಶ್ನೆ ಬೇರೆ. “ಕೇಳಿಸದ ವಾದ್ಯಕ್ಕೆ 25 ಸಾವಿರವಾ? ಅಷ್ಟರಲ್ಲಿ ಒಂದು ಸಲ ತೋಟಕ್ಕೆ ಮದ್ದು ಬಿಟ್ಟಾಗ್ತಿತ್ತು.”

ಅಡಿಕೆ ತೋಟ ಇದ್ದವರಿಗೆ ಈ ಮಾತಿನ ತೂಕ ಗೊತ್ತು. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡಬೇಕು, ಸುಮಾರು 40 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತುವವರು ಹೇಳಿದ ದಿನಕ್ಕೆ ಸಿಗುವುದಿಲ್ಲ. ತಡವಾದರೆ ಕೊಳೆರೋಗ, ಎಳೆ ಅಡಿಕೆ ಎಲ್ಲ ಮರದ ಬುಡಕ್ಕೆ. ಕಳೆದ ವರ್ಷ ಅವರ ತೋಟದಲ್ಲಿ ಅದೇ ಆದದ್ದು. ಹಾಗಾಗಿ “ಅಪ್ಪನಿಗೆ ಸಂಗೀತ ಗೊತ್ತಿಲ್ಲ” ಅಂತ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು.

ನಾನು ವಾರಾಂತ್ಯಕ್ಕೆ ಬಾಸ್ ನುಡಿಸುವವ. ಅಳಿಯನಿಗೆ ಕೊಟ್ಟ ಲೆಕ್ಕವನ್ನೇ ಇಲ್ಲಿ ಕೊಡ್ತೇನೆ. ಮೊದಲ ಸಂಬಳದ ಉಳಿತಾಯದಲ್ಲಿ ಬಾಸ್ ತೆಗೆದುಕೊಳ್ಳಲು ಹೊರಟ ಯಾರಿಗೂ ಇದು ಹೊಂದೀತು. ಲೆಕ್ಕದ ಮೂಲ ಒಂದೇ: ವರ್ಷದ ನಂತರ ಬಿಟ್ಟುಬಿಟ್ಟರೂ ದುಡ್ಡಿನ ದೊಡ್ಡ ಪಾಲು ವಾಪಸ್ ಬರಬೇಕು.

ಆಂಪ್ಲಿಫೈಯರ್ ಈಗಲೇ ಬೇಡ

ಅಂಗಡಿಯವರು ಬಾಸ್ ಜೊತೆ ಒಂದು ಪುಟ್ಟ ಆಂಪ್ಲಿಫೈಯರ್ ಕಟ್ಟಿಕೊಡ್ತಾರೆ. ಆ 10–15 ವ್ಯಾಟಿನ ಡಬ್ಬಿ ಮನೆಗೆ ಸಾಕು, ಡ್ರಮ್ಸ್ ಎದುರು ಏನೇನೂ ಸಾಲದು. ವ್ಯಾಟ್ ಎರಡು ಪಟ್ಟು ಮಾಡಿದರೆ ಶಬ್ದವೂ ಎರಡು ಪಟ್ಟು ಅಂತ ಅಂದುಕೊಳ್ಳಬೇಡಿ. ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟಿನಷ್ಟು ಶಕ್ತಿ ಬೇಕು. ಅದರಲ್ಲೂ ತಗ್ಗಿನ ಸ್ವರಕ್ಕೆ ಗಿಟಾರಿಗಿಂತ ಹೆಚ್ಚು ವ್ಯಾಟ್, ಹೆಚ್ಚು ದೊಡ್ಡ ಸ್ಪೀಕರ್. ಡ್ರಮ್ಸ್ ಜೊತೆ ನಿಲ್ಲುವ ಬಾಸ್ ಆಂಪ್ಲಿಫೈಯರ್ ಅಂದರೆ 100 ವ್ಯಾಟಿನಿಂದ ಮೇಲಿನ ಮಾತು. ಅದು ನಮ್ಮ 25 ಸಾವಿರದ ಒಳಗಿನ ವಿಷಯವೇ ಅಲ್ಲ.

ಹಾಗಾದರೆ ಕಾರ್ಯಕ್ರಮಕ್ಕೆ? ನಮ್ಮ ಕಡೆ ಜಾತ್ರೆ, ಮದುವೆ, ವಾರ್ಷಿಕೋತ್ಸವ ಎಲ್ಲಕ್ಕೂ ಸೌಂಡ್ಸ್‌ನವರು ಬಂದೇ ಬರ್ತಾರೆ. ಅವರ ಹತ್ತಿರ ಡಿಐ ಬಾಕ್ಸ್ ಅಂತ ಒಂದು ಸಣ್ಣ ಪೆಟ್ಟಿಗೆ ಇರ್ತದೆ. ಬಾಸ್‌ನ ಕೇಬಲ್ ಅದಕ್ಕೆ ಸಿಕ್ಕಿಸಿದರೆ ಶಬ್ದ ನೇರ ಮಿಕ್ಸರಿಗೆ, ಅಲ್ಲಿಂದ ದೊಡ್ಡ ಸ್ಪೀಕರಿಗೆ ಹೋಗ್ತದೆ. ನಿಮಗೆ ಕೇಳಲಿಕ್ಕೆ ಎದುರಲ್ಲಿ ಒಂದು ಮಾನಿಟರ್ ಕೇಳಿ ಇಡಿಸಿಕೊಳ್ಳಿ. ಒಂದು ದಿನ ಮೊದಲೇ ಫೋನ್ ಮಾಡಿ “ಬಾಸ್ ಉಂಟು, ಡಿಐ ತನ್ನಿ” ಅಂದರೆ ಆಯ್ತು.

ಮನೆಯಲ್ಲಿ ಕಲಿಯಲಿಕ್ಕೆ ಹೆಡ್‌ಫೋನ್ ಆಂಪ್ಲಿಫೈಯರ್ ಸಾಕು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬಾಸ್‌ಗೇ ನೇರ ಸಿಕ್ಕಿಸುವುದು. ವಾಕ್ಸ್ ಕಂಪನಿಯ ಆಂಪ್ಲಗ್ ಬಾಸ್ ಅಂಥದ್ದು. ಎರಡು ಸಣ್ಣ ಸೆಲ್ ಹಾಕಿದರೆ ನಡೀತದೆ, ಫೋನಿನ ಹಾಡನ್ನೂ ಅದಕ್ಕೇ ಕೊಟ್ಟು ಜೊತೆಯಲ್ಲಿ ನುಡಿಸಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ರಾತ್ರಿ 11 ಗಂಟೆಗೆ ನುಡಿಸಿದರೂ ಮನೆಯವರಿಗೆ ತೊಂದರೆ ಇಲ್ಲ.

“ಹೋಮ್ ಥಿಯೇಟರಿಗೆ ಸಿಕ್ಕಿಸಿದರೆ ಆಗುದಿಲ್ವಾ ಮಾವ?” ಅಂತ ಅಳಿಯ ಕೇಳಿದ. ನೇರ ಸಿಕ್ಕಿಸಬೇಡ ಅಂದೆ. ಬಾಸ್‌ನಿಂದ ಬರುವ ಸಿಗ್ನಲ್ ಅದಕ್ಕೆ ಹೊಂದುವುದಿಲ್ಲ, ಸ್ವರ ತೆಳ್ಳಗಾಗ್ತದೆ. ಅಂತ ವಾಲ್ಯೂಮ್ ಏರಿಸಿ ತಂತಿ ಜೋರಾಗಿ ಎಳೆದರೆ ಸ್ಪೀಕರ್ ಹೋದೀತು. ಗೆಳೆಯನ ಗಿಟಾರ್ ಆಂಪ್ಲಿಫೈಯರಿನಲ್ಲಿ ಮೆಲ್ಲಗೆ ನುಡಿಸಬಹುದು, ಜೋರು ಮಾಡುವ ಹಾಗಿಲ್ಲ.

25 ಸಾವಿರ ಹಂಚುವುದು ಹೀಗೆ

ಬಾಸ್‌ಗೆ 16 ಸಾವಿರದ ಒಳಗೆ. ಸೆಟಪ್ ಮತ್ತು ಹೊಸ ತಂತಿಗೆ 3 ಸಾವಿರ. ಹೆಡ್‌ಫೋನ್ ಆಂಪ್ಲಿಫೈಯರಿಗೆ 4 ಸಾವಿರ. ಕೇಬಲ್, ಬೆಲ್ಟ್, ದಪ್ಪ ಬ್ಯಾಗಿಗೆ 2 ಸಾವಿರ. ಶ್ರುತಿ ನೋಡುವ ಟ್ಯೂನರ್ ಫೋನಿನಲ್ಲೇ ಪುಕ್ಕಟೆ ಸಿಗ್ತದೆ. ಇಎಂಐ ಬೇಡ. ಕಲಿಯುವ ಉತ್ಸಾಹ ಕಂತಿಗಿಂತ ಮೊದಲು ಮುಗಿದರೆ ಬಹಳ ಕಷ್ಟ.

ಸೆಟಪ್ ಅಂದರೆ ಬಾಸ್‌ನ ನೆಕ್ ಬಗ್ಗಿದ್ದರೆ ಸರಿ ಮಾಡಿ, ತಂತಿಯ ಎತ್ತರ ಇಳಿಸಿ, ಸ್ವರ ಸರಿಹೊಂದಿಸಿ ಕೊಡುವುದು. ಇದಕ್ಕೆ ದುಡ್ಡು ಬಿಡಲು ಹೊಸಬರಿಗೆ ಮನಸ್ಸೇ ಬರುವುದಿಲ್ಲ. ಬಾಸ್‌ನ ತಂತಿ ಮೊದಲೇ ದಪ್ಪ. ಅದು ಎತ್ತರದಲ್ಲಿದ್ದರೆ ಒತ್ತಿ ಒತ್ತಿ ಬೆರಳು ನೊಂದು, “ಇದು ನನ್ನಿಂದ ಆಗುವುದಲ್ಲ” ಅಂತ ಎರಡೇ ವಾರಕ್ಕೆ ಬಿಡ್ತಾರೆ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಆಸುಪಾಸಿಗೆ ಬಂದರೆ ಕೈ ಹಗುರಾಗ್ತದೆ.

ಯಾವ ಬಾಸ್?

ನಾಲ್ಕು ತಂತಿಯದ್ದು ಸಾಕು. ಐದನೇ ತಂತಿ ಇನ್ನೂ ತಗ್ಗಿನದ್ದು, ಸುಮಾರು 31 ಹರ್ಟ್ಸ್. ಕಲಿಯುವಾಗ ಅದು ಬೇಕಾಗುವುದಿಲ್ಲ, ನೆಕ್ ಮಾತ್ರ ಅಗಲ ಆಗ್ತದೆ.

ಸಾಮಾನ್ಯ ಬಾಸ್‌ನಲ್ಲಿ ತಂತಿಯ ಉದ್ದ 34 ಇಂಚು. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್‌ನ ಅಳತೆಯೇ ಇವತ್ತಿಗೂ ನಡೀತಾ ಉಂಟು. ಆಳೆತ್ತರದ ಡಬಲ್ ಬಾಸ್ ಹೊತ್ತು ತಿರುಗುವ ಕಷ್ಟ ತಪ್ಪಿಸಿದ ವಾದ್ಯ ಅದು. ನಿಮ್ಮ ಕೈ ಸಣ್ಣದಾದರೆ ಗಿಡ್ಡ ಬಾಸ್‌ಗಳೂ ಉಂಟು. ಇಬಾನೆಝ್ ಮೈಕ್ರೋ 28.6 ಇಂಚಿನದ್ದು.

ಹೊಸತರಲ್ಲಿ ಯಮಹಾ ಟಿಆರ್‌ಬಿಎಕ್ಸ್ 174, ಇಬಾನೆಝ್ ಜಿಎಸ್‌ಆರ್ ಸಾಲಿನವು, ಕಾರ್ಟ್ ಆ್ಯಕ್ಷನ್ ಬಾಸ್ ಇವೆಲ್ಲ 20 ಸಾವಿರದ ಆಸುಪಾಸಿನ ಮಾತು. ನಮ್ಮ 16 ಸಾವಿರಕ್ಕೆ ಇವೇ ಸೆಕೆಂಡ್‌ಹ್ಯಾಂಡಿನಲ್ಲಿ ನೋಡಬೇಕು. ಹೆಸರಿಲ್ಲದ ಕಂಪನಿಯ ಹೊಸ ಬಾಸ್‌ಗಿಂತ ಹೆಸರಿರುವ ಕಂಪನಿಯ ಹಳೆಯದ್ದು ಒಳ್ಳೆಯದು, ಯಾಕೆಂದರೆ ಮಾರುವಾಗ ಕೇಳುವವರಿರ್ತಾರೆ. ಮಂಗಳೂರಿನಲ್ಲಿ ಕೊಂಕಣಿ ಸಂಗೀತದ ತಂಡಗಳು, ಇಗರ್ಜಿಗಳ ಗಾಯನ ತಂಡಗಳು ಮೊದಲಿನಿಂದ ಇರುವುದರಿಂದ ಅಲ್ಲಿ ವಿಚಾರಿಸುವುದು ಒಳ್ಳೆಯದು.

ಕೆಲವು ಬಾಸ್‌ನಲ್ಲಿ 9 ವೋಲ್ಟಿನ ಬ್ಯಾಟರಿ ಇರ್ತದೆ. ಅವನ್ನು ಆ್ಯಕ್ಟಿವ್ ಅಂತಾರೆ. ಕೇಬಲ್ ಸಿಕ್ಕಿಸಿದರೆ ಸ್ವಿಚ್ ಹಾಕಿದ ಹಾಗೆ. ನುಡಿಸಿ ಆದ ಮೇಲೆ ಎಳೆಯದಿದ್ದರೆ ಬ್ಯಾಟರಿ ಖಾಲಿ. ಟಿಆರ್‌ಬಿಎಕ್ಸ್ 174ರಲ್ಲಿ ಬ್ಯಾಟರಿಯ ರಗಳೆ ಇಲ್ಲ.

ಹಳೆಯದ್ದು ನೋಡುವಾಗ

ಮೊದಲು ನೆಕ್ಕನ್ನು ಬಂದೂಕಿನ ಗುರಿ ನೋಡಿದ ಹಾಗೆ ಒಂದು ಕಣ್ಣಿನಲ್ಲಿ ನೋಡಿ. ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು. ತಿರುಚಿಕೊಂಡಿದ್ದರೆ ಕೈ ಮುಗಿದು ಬನ್ನಿ.

ಆಮೇಲೆ ನಾಲ್ಕೂ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತಿ ನುಡಿಸಿ. ಹತ್ತು ನಿಮಿಷ ಬೇಕು, ಮಾರುವವರು ಗೊಣಗಿದರೂ ಪರವಾಗಿಲ್ಲ. ಝರ್ ಅನ್ನುವ ಜಾಗ, ಸ್ವರವೇ ಸಾಯುವ ಜಾಗ ಗುರುತು ಮಾಡಿಕೊಳ್ಳಿ.

12ನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಒಂದು ಸಲ, ಒತ್ತಿ ಹಿಡಿದು ಇನ್ನೊಂದು ಸಲ ನುಡಿಸಿ. ಟ್ಯೂನರಿನಲ್ಲಿ ಎರಡೂ ಒಂದೇ ಸ್ವರ ತೋರಿಸಬೇಕು. ಸ್ವಲ್ಪ ವ್ಯತ್ಯಾಸ ಇದ್ದರೆ ಸೆಟಪ್ಪಿನಲ್ಲಿ ಸರಿಯಾಗ್ತದೆ.

ಕೊನೆಗೆ ನಾಬ್ ಎಲ್ಲ ತಿರುಗಿಸಿ, ಕೇಬಲ್ ಅಲ್ಲಾಡಿಸಿ ನೋಡಿ. ಕರಕರ ಅಂದರೆ ದೊಡ್ಡ ರೋಗ ಅಲ್ಲ, ಆದರೆ ಬೆಲೆ ಇಳಿಸಲಿಕ್ಕೆ ಒಳ್ಳೆ ಕಾರಣ. ಬೆಲ್ಟ್ ಹಾಕಿ ಐದು ನಿಮಿಷ ನಿಂತೂ ನೋಡಿ. ನಾಲ್ಕು ಕಿಲೋದಷ್ಟು ಭಾರ ಹೆಗಲ ಮೇಲೆ ಇರ್ತದೆ.

ಮಳೆ, ಸಿಡಿಲು, ಅರ್ತಿಂಗ್

ಬೇರೆ ಊರಿನವರು ಹೇಳದ ಮಾತು ಇದು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮರದ ನೆಕ್ ಸುಮ್ಮನೆ ಇರ್ತದಾ? ತಂತಿಗೆ ತುಕ್ಕು, ನೆಕ್‌ಗೆ ಬಾಗು. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ, ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕೆಂಪುಕಲ್ಲಿನ ಹಸಿ ಗೋಡೆಗೆ ಒರಗಿಸಬೇಡಿ. ಅಟ್ಟದ ಮೇಲೂ ಬೇಡ.

ಮುಂದೆ ಕರೆಂಟಿನ ಆಂಪ್ಲಿಫೈಯರ್ ತಂದರೆ ಮೊದಲು ಮನೆಯ ಅರ್ತಿಂಗ್ ನೋಡಿಸಿ. ತಂತಿ ಮುಟ್ಟಿದಾಗ ಜುಂ ಅಂದರೆ ಅವತ್ತಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಗುಡುಗು ಶುರುವಾದ ಕೂಡಲೇ ಪ್ಲಗ್ ಎಳೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಸೆಲ್ ಹಾಕುವ ಪುಟ್ಟ ಡಬ್ಬಿಗೆ ಈ ಯಾವ ಚಿಂತೆಯೂ ಇಲ್ಲ.

ಈ ಲೆಕ್ಕವನ್ನೆಲ್ಲ ಅಳಿಯ ಒಂದು ಹಾಳೆಯಲ್ಲಿ ಬರೆದು ಭಾವನ ಎದುರು ಇಟ್ಟ. ಅವನ ಪರವಾಗಿ ನಾನು ವಕಾಲತ್ತು ಮಾಡಲಿಲ್ಲ. ದುಡ್ಡು ಅವನದ್ದು, ಮನೆ ಅವರದ್ದು. ಭಾವ ಹಾಳೆ ಓದಿ ಕೇಳಿದ್ದು ಒಂದೇ: “ಬಿಟ್ಟರೆ ಎಷ್ಟು ವಾಪಸ್ ಬರ್ತದೆ?” ಚೆನ್ನಾಗಿ ಇಟ್ಟುಕೊಂಡರೆ ಬಾಸ್‌ನ ಬೆಲೆಯಲ್ಲಿ ಹೆಚ್ಚಿನದ್ದು ಬಂದೀತು, ಸೆಟಪ್ಪಿನ ದುಡ್ಡು ಹೋದ ಹಾಗೆ ಅಂತ ಅಳಿಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ತಾನೇ ಇನ್ನೊಂದು ಮಾತು ಸೇರಿಸಿದ. “ಎರಡನೇ ಮದ್ದು ಬಿಟ್ಟಾಗಲಿ. ಅದಕ್ಕೆ ಕಡಿಮೆ ಬಿದ್ದರೆ ಇದರಿಂದಲೇ ಕೊಡ್ತೇನೆ.”

ಕಡಿಮೆ ಬಿತ್ತು, 4 ಸಾವಿರ. ಅವನು ಕೊಟ್ಟ. ಹಾಗಾಗಿ ಹೆಡ್‌ಫೋನ್ ಆಂಪ್ಲಿಫೈಯರ್ ಎರಡು ತಿಂಗಳು ಮುಂದಕ್ಕೆ ಹೋಯ್ತು. ಮಳೆ ಬಿಟ್ಟ ಮೇಲೆ ಮಂಗಳೂರಿನಲ್ಲಿ ಒಂದು ಹಳೇ ಯಮಹಾ 15,500ಕ್ಕೆ ಸಿಕ್ಕಿತು. ಆ ಎರಡು ತಿಂಗಳು ಬಾಸ್‌ನ ಮೈಯನ್ನು ಮರದ ಮೇಜಿಗೆ ತಾಗಿಸಿ ಅಭ್ಯಾಸ ಮಾಡಿದ. ಹಾಗೆ ಹಿಡಿದರೆ ಮೇಜೇ ಮೆಲ್ಲಗೆ ಗುಂಯ್‌ಗುಟ್ಟಿ ಸ್ವರ ಕಿವಿಗೆ ಬರ್ತದೆ.

ನೀವು ತಂದ ಮೇಲೆ ಮೊದಲ ಮೂರು ತಿಂಗಳು ದೊಡ್ಡದೇನೂ ಬೇಡ. ಫೋನಿನಲ್ಲಿ ಮೆಟ್ರೋನೋಮ್ ಹಾಕಿ, ನಿಮಿಷಕ್ಕೆ 60 ಹೊಡೆತ ಇಟ್ಟು, ಒಂದು ಹೊಡೆತಕ್ಕೆ ಒಂದೇ ಸ್ವರ. ಕಾಲು ಗಂಟೆ ಸಾಕು, ಆದರೆ ದಿನಾ. ಹಾಡಿನ ಕಾರ್ಡ್ ಬದಲಾದಾಗ ಅದರ ಮೂಲ ಸ್ವರ ತಪ್ಪದೆ ಹಿಡಿದರೆ ಯಾವ ತಂಡದವರೂ ನಿಮ್ಮನ್ನು ಬೇಡ ಅನ್ನುವುದಿಲ್ಲ. ನಾಲ್ಕು ಕಾರ್ಯಕ್ರಮ ಸಿಕ್ಕಿದ ಮೇಲೆ ಫೆಂಡರ್ ರಂಬಲ್ 25 ಅಥವಾ 40ರಂಥದ್ದನ್ನು ನೋಡಿ. ಆಂಪ್ಲಿಫೈಯರಿನ ದುಡ್ಡನ್ನು ಬಾಸ್ ತಾನೇ ದುಡಿದು ಕೊಡಲಿ.