ಯಾರ ಮೊಳ?

ಮಕ್ಕಳೇ, ಈ ವಾರದ ಅಂಕಣ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಒಂದು ಟೇಪು ತನ್ನಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ನಿಮ್ಮ ಕೈ ಎಷ್ಟು ಉದ್ದವಿದೆ ಎಂದು ಅಳೆದು ಚೀಟಿಯಲ್ಲಿ ಬರೆದಿಡಿ. ಅಜ್ಜಿಯ ಕೈ, ತಾತನ ಕೈ ಕೂಡ ಅಳೆಯಿರಿ. ಅದಕ್ಕೇ ಮೊಳ ಎನ್ನುವುದು. ಚೀಟಿ ಹತ್ತಿರವೇ ಇರಲಿ, ಕಡೆಯಲ್ಲಿ ಬೇಕಾಗುತ್ತದೆ.

ನನ್ನ ಮೊಮ್ಮಗಳು ಮೈಸೂರಿನಲ್ಲಿ ನಮ್ಮ ಜೊತೆಯಲ್ಲೇ ಇದ್ದುಕೊಂಡು ಪತ್ರಿಕೋದ್ಯಮ ಓದುತ್ತಿದ್ದಾಳೆ. ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಆರಂಭಿಸಿದ್ದರು. ಆದರೂ ಬಿ.ಕಾಂ. ಓದುವ ಕಾಲಕ್ಕೆ ನನಗೆ ಅಂಥದ್ದೊಂದು ಓದಿದೆ ಎಂಬುದೇ ಗೊತ್ತಿರಲಿಲ್ಲ.

ಈ ಓದಿನಲ್ಲಿ ಪುಸ್ತಕ ಮಾತ್ರ ಸಾಲದು. ವಿದ್ಯಾರ್ಥಿಗಳೇ ಸುದ್ದಿ ತಂದು, ಬರೆದು, ಪುಟ ಕಟ್ಟಿ ಒಂದು ಪ್ರಾಯೋಗಿಕ ಪತ್ರಿಕೆ ತರಬೇಕು. ನಾಲ್ಕು ಪುಟ, ಇನ್ನೂರು ಪ್ರತಿ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ವರದಿಯಲ್ಲಿ ಉತ್ತರ ಇರಬೇಕು. ಮುಖ್ಯವಾದದ್ದು ಮೊದಲ ಸಾಲಿನಲ್ಲೇ ಬರಬೇಕು. ಜಾಗ ಸಾಲದಿದ್ದರೆ ಸಂಪಾದಕರು ಬಾಲದ ಕಡೆಯಿಂದ ಕತ್ತರಿಸುತ್ತಾರೆ. ಇದನ್ನೆಲ್ಲ ಅವಳು ದಿನಾ ಸಂಜೆ ಕಾಫಿ ಹೊತ್ತಿಗೆ ನನಗೆ ಪಾಠ ಮಾಡುತ್ತಿದ್ದಳು.

ಒಂದು ದಿನ ಅವಳ ಹೆಸರಿನಲ್ಲೇ ಮೊದಲ ವರದಿ ಅಚ್ಚಾಯಿತು. ನಮ್ಮ ಬಡಾವಣೆಯ ಗುಡಿಯ ಮುಂದೆ ಹೂ ಮಾರುವವರ ಬಗ್ಗೆ. ತಲೆಬರಹ: 'ಮೊಳದ ಹೆಸರಲ್ಲಿ ಮೋಸ'. ಒಂದು ಮೊಳವೆಂದರೆ ಹದಿನೆಂಟು ಅಂಗುಲ. ಇಲ್ಲಿ ಸಿಗುವುದು ಹದಿನೈದೂವರೆ ಎಂದು ಗಿರಾಕಿಯೊಬ್ಬರು ದೂರಿದ್ದರು. ಪಕ್ಕದಲ್ಲಿ ಚಿತ್ರ: ಬುಟ್ಟಿಯ ಮುಂದೆ ಕೈ ಚಾಚಿ ಮಲ್ಲಿಗೆ ಅಳೆಯುತ್ತಿರುವ ಅಜ್ಜಿ. ನಾನು ಎರಡು ಸಲ ಓದಿ ಬೆನ್ನು ತಟ್ಟಿದೆ. ಆರು ಪ್ರಶ್ನೆಗೂ ಉತ್ತರ ಇತ್ತಲ್ಲ!

ಆ ಶುಕ್ರವಾರ ನಮ್ಮ ಮನೆಯಾಕೆ ಗುಡಿಯಿಂದ ಬಂದವಳು ಹೂವನ್ನು ದೇವರ ಮುಂದಿಟ್ಟು ಸುಮ್ಮನೆ ಕುಳಿತಳು. ಏನಾಯಿತು ಎಂದು ಕೇಳಿದೆ. ಇಪ್ಪತ್ತು ವರ್ಷದಿಂದ ಇವಳಿಗೆ ಹೂ ಕೊಡುವ ಆ ಅಜ್ಜಿ, ಅಂದು ಹೂವಿನ ಉಂಡೆಯನ್ನೇ ಇವಳ ಕೈಗಿಟ್ಟು, "ನೀವೇ ಅಳ್ಕೊಳ್ಳಿ ಅಮ್ಮಾವ್ರೇ. ನಾನ್ ಅಳೆದ್ರೆ ಮೋಸ ಅಂತ ಪೇಪರ್‌ನಾಗೆ ಬಂದೈತಂತೆ" ಎಂದರಂತೆ. ಅವರಿಗೆ ಓದಲು ಬರುವುದಿಲ್ಲ. ಯಾರೋ ಕಾಲೇಜು ಹುಡುಗರು ಚಿತ್ರ ತೋರಿಸಿ ಓದಿ ಹೇಳಿ ನಕ್ಕು ಹೋಗಿದ್ದರು. ವಾರವಾರ ಬರುವ ಗಿರಾಕಿಗಳಲ್ಲಿ ನಾಲ್ಕೈದು ಜನ ಅಂದು ಆಚೆ ಬುಟ್ಟಿಗೆ ಹೋಗಿದ್ದರು.

ಮೊಮ್ಮಗಳ ಮುಖ ಸಣ್ಣದಾಯಿತು. "ನಾನು ಅವರ ಹೆಸರೇ ಹಾಕಿಲ್ಲ ತಾತ" ಎಂದಳು.

"ಮುಖ ಹಾಕಿದ್ದೀಯಲ್ಲ ಮಗು. ಅವರನ್ನು ಒಂದು ಮಾತು ಕೇಳಿದ್ದೆಯಾ?"

ಕೇಳಿರಲಿಲ್ಲ. ಕೊಡುವ ಗಡುವು ಹತ್ತಿರ ಬಂದಿತ್ತು. ದೂರಿದವರ ಮಾತು ಸಿಕ್ಕಿತ್ತು, ಚಿತ್ರವೂ ಚೆನ್ನಾಗಿ ಬಂದಿತ್ತು. ಅಷ್ಟು ಸಾಕು ಅನ್ನಿಸಿತ್ತು. "ಇನ್ನೂರೇ ಪ್ರತಿ ತಾತ, ಎರಡು ವಾರದಲ್ಲಿ ಎಲ್ಲರೂ ಮರೆತುಬಿಡುತ್ತಾರೆ" ಎಂದಳು. ಆ ಮಾತು ನನಗೆ ಹಿಡಿಸಲಿಲ್ಲ. ಬೆನ್ನು ತಟ್ಟಿದವನು ನಾನೇ ಆದ್ದರಿಂದ ಬೈಯುವ ಹಕ್ಕೂ ನನಗಿರಲಿಲ್ಲ. ಅದಕ್ಕೆ ನನ್ನದೇ ಒಂದು ಕಥೆ ಹೇಳಿದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಆಗ ಕಂಪ್ಯೂಟರ್ ಇಲ್ಲ, ದಪ್ಪ ದಪ್ಪ ಲೆಡ್ಜರುಗಳು. ಒಬ್ಬರು ಕಟ್ಟಿದ ಐನೂರು ರೂಪಾಯಿಯನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಬರೆದುಬಿಟ್ಟೆ. ಖಾತೆ ಸಂಖ್ಯೆ ನೋಡಲಿಲ್ಲ, ಹೆಸರು ನೋಡಿದೆ. ಸಂಜೆ ಒಟ್ಟು ಲೆಕ್ಕ ತಾಳೆಯಾಯಿತು; ಹಣ ಬ್ಯಾಂಕಿನೊಳಗೇ ಇತ್ತಲ್ಲ! ಆದರೆ ಕಟ್ಟಿದವರು ಅಂಗಡಿಯವರಿಗೆ ಕೊಟ್ಟ ಚೆಕ್ಕು ಹಣವಿಲ್ಲವೆಂದು ವಾಪಸು ಹೋಯಿತು. ಅವರು ಬಂದು ಎಲ್ಲರೆದುರು, "ನನ್ನ ಮಾನ ಕಳೆದಿರಿ" ಎಂದರು. ನಾನು ಗುಟ್ಟಾಗಿ ಅಂಕಿ ಅಳಿಸಲು ರಬ್ಬರ್ ಹುಡುಕುತ್ತಿದ್ದೆ. ಹಿರಿಯ ಅಧಿಕಾರಿ ಕೈ ಹಿಡಿದು ನಿಲ್ಲಿಸಿದರು. ಲೆಡ್ಜರಿನಲ್ಲಿ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದು ಗೆರೆ, ಓದಲು ಬರುವ ಹಾಗೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಸಹಿ. ತಪ್ಪು ಯಾರದು, ತಿದ್ದಿದವರು ಯಾರು, ಎರಡೂ ಕಾಣಬೇಕು. ಆ ಅಂಗಡಿಯವರ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿಬಂದ ಮೇಲೆಯೇ ನನಗೆ ಊಟ ಸೇರಿದ್ದು.

ಮರುದಿನ ಅವಳು ತನ್ನ ಮೇಷ್ಟರಿಗೆ ನಡೆದದ್ದನ್ನು ಹೇಳಿದಳು. ಅವರು ಬೈಯಲಿಲ್ಲವಂತೆ, ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ನಿಯಮಗಳನ್ನು ಮುಂದಿಟ್ಟರಂತೆ. ಒಬ್ಬರ ಮೇಲೆ ಆರೋಪ ಬರೆಯುವ ಮೊದಲು ಪರಿಶೀಲಿಸಬೇಕು, ಅವರ ಮಾತನ್ನೂ ಕೇಳಬೇಕು. ತಪ್ಪು ಅಚ್ಚಾಗಿದ್ದರೆ ತಡಮಾಡದೆ ಎದ್ದು ಕಾಣುವಂತೆ ತಿದ್ದುಪಡಿ ಹಾಕಬೇಕು.

ಸಂಜೆ ನಾನೂ ಜೊತೆಗೆ ಹೋದೆ, ಸ್ವಲ್ಪ ದೂರದಲ್ಲೇ ನಿಂತೆ. ಅವಳು ಬುಟ್ಟಿಯ ಪಕ್ಕ ನೆಲದ ಮೇಲೆ ಕುಳಿತು, "ಅಜ್ಜಿ, ಅದನ್ನು ಬರೆದವಳು ನಾನೇ" ಎಂದಳು. ಅಜ್ಜಿ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ತುಂಬ ಹೊತ್ತಾದ ಮೇಲೆ, "ಬರೆಯೋಕ್ ಮುಂಚೆ ಬಂದು ಕೇಳಿದ್ರೆ ನಾನೇನ್ ಹೊಡೀತಿದ್ನಾ ಕಣವ್ವಾ?" ಎಂದರು.

ಆಮೇಲೆ ಕೈ ಚಾಚಿದರು. ಇವಳು ಟೇಪು ಹಿಡಿದಳು. ಹದಿನೈದೂವರೆ ಅಂಗುಲ! ದೂರಿದವರ ಅಳತೆ ಸರಿಯೇ. ಅಜ್ಜಿ ಗಿಡ್ಡ, ಅವರ ಕೈಯೂ ಗಿಡ್ಡ. "ಅದ್ಕೇ ಮೊಳ ಆದ್ಮೇಲೆ ಕೊಸರು ಬಿಡ್ತೀನಿ" ಎಂದು ಒಂದು ಗೇಣಿನ ಹತ್ತಿರ ಮುಂದಕ್ಕೆ ಎಳೆದು ದಾರ ಕತ್ತರಿಸಿ ತೋರಿಸಿದರು. ಈಗಿನ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಕೊಸರು ಅಂದರೆ ಅಳತೆ ಮುಗಿದ ಮೇಲೆ ಪ್ರೀತಿಗೆ ಹಾಕುವ ಹೆಚ್ಚಿನ ಪಾಲು.

ನನಗೆ ಅಲ್ಲಿಗೆ ಮುಗಿಯಿತು ಅನ್ನಿಸಿತು. ಅವಳಿಗೆ ಅನ್ನಿಸಲಿಲ್ಲ. "ತಾತ, ನಾನು ಟೇಪು ಹಿಡಿದು ಕೂತರೆ ಯಾರಾದರೂ ಕೊಸರು ಹೆಚ್ಚೇ ಬಿಡುತ್ತಾರೆ" ಎಂದು, ಅಂದು ಅದೇ ಅಜ್ಜಿಯಿಂದ ಹೂ ಕೊಂಡಿದ್ದ ನಮ್ಮ ಬೀದಿಯ ಆರು ಮನೆಗೆ ಹೋಗಿ ಮೊಳಮೊಳವನ್ನೂ ಅಳೆದಳು. ನಾಲ್ಕು ಮನೆಯಲ್ಲಿ ಹದಿನೆಂಟು ಅಂಗುಲ ದಾಟಿತ್ತು. ಎರಡು ಮನೆಯಲ್ಲಿ ಹದಿನೇಳೂ ಇರಲಿಲ್ಲ. ಮತ್ತೆ ಹೋಗಿ ಅದನ್ನೂ ಕೇಳಿದಳು. "ಮೊಗ್ಗು ತುಟ್ಟಿಯಾದ ದಿನ ಕೊಸರು ಕಮ್ಮಿ ಬೀಳ್ತದೆ. ಸುಳ್ಳ್ ಯಾಕ್ ಹೇಳ್ಲಿ" ಎಂದರು ಅಜ್ಜಿ.

ಮುಂದಿನ ಸಂಚಿಕೆಯಲ್ಲಿ, ಅದೇ ಪುಟದ ಅದೇ ಜಾಗದಲ್ಲಿ, ಅವಳ ಹೆಸರಿನ ಸಮೇತ ತಿದ್ದುಪಡಿ ಬಂತು. ಮಾರುವವರನ್ನು ಕೇಳದೆ 'ಮೋಸ' ಎಂದು ಬರೆದದ್ದು ತಪ್ಪು ಎಂಬುದು ಮೊದಲ ಸಾಲು. ಮೊಳ ಎನ್ನುವುದು ಕೈಯ ಅಳತೆ, ಕೈಯಿಂದ ಕೈಗೆ ಬೇರೆ ಎಂಬುದು ಎರಡನೆಯದು. ಆಮೇಲೆ ಆರು ಮನೆಯ ಲೆಕ್ಕ, ಕಡಿಮೆ ಬಂದ ಎರಡೂ ಸೇರಿ, ಅಜ್ಜಿಯ ಮಾತಿನ ಜೊತೆಗೆ. ಅದನ್ನು ಅವಳೇ ಹೋಗಿ ಅಜ್ಜಿಗೆ ಓದಿ ಹೇಳಿದಳು. "ಕಮ್ಮಿ ಬಂದದ್ದನ್ನೂ ಬರೆದಿದ್ದೀಯಲ್ಲ" ಎಂದು ಅಜ್ಜಿ ಹುಬ್ಬೇರಿಸಿದರಂತೆ. ಸ್ವಲ್ಪ ತಡೆದು, "ಇರ್ಲಿ, ಅದು ನಿಜಾನೇ" ಎಂದರಂತೆ.

ಹಳೆಯ ಗಿರಾಕಿಗಳಲ್ಲಿ ಇಬ್ಬರು ಮಾತ್ರ ಇನ್ನೂ ಆ ಬುಟ್ಟಿಯ ಹತ್ತಿರ ಬಂದಿಲ್ಲ. ತಿದ್ದುಪಡಿ ಅವರ ಕಣ್ಣಿಗೆ ಬಿದ್ದಿಲ್ಲವೋ ಏನೋ. ಮೊಮ್ಮಗಳು ಈಗಲೂ ಗುಡಿಯ ಮುಂದೆ ಹಾದುಹೋಗುವಾಗ ಅವರು ಬಂದರೇ ಎಂದು ವಿಚಾರಿಸುತ್ತಾಳೆ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರ ಜುಲೈ 1ರಂದು. ಹೊರತಂದವರು ಹರ್ಮನ್ ಮೋಗ್ಲಿಂಗ್. ಆ ನೆನಪಿಗೇ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಅಂದಿನಿಂದ ಕನ್ನಡದಲ್ಲಿ ಎಷ್ಟು ವರದಿಗಳು ಬಂದಿವೆಯೋ! ಒಂದೊಂದರ ಹಿಂದೆಯೂ ಯಾರದೋ ಹೆಸರು, ಯಾರದೋ ಮುಖ ಇದ್ದೀತು. ಶಾಲೆಯ ಗೋಡೆ ಪತ್ರಿಕೆಗೆ ನಾಲ್ಕು ಸಾಲು ಬರೆಯುವಾಗಲೂ, ಫೋನಿನಲ್ಲಿ ಒಂದು ಮಾತನ್ನು ಮುಂದಕ್ಕೆ ದಾಟಿಸುವಾಗಲೂ, ಆ ಮಾತಿಗೆ ಗುರಿಯಾದವರನ್ನು ಕೇಳಿದೆನೇ ಎಂದು ಒಮ್ಮೆ ಯೋಚಿಸಿ. ಅಜ್ಜಿ ತಾತಂದಿರೇ, ಈ ಮಾತು ನಮಗೂ ಸೇರಿದ್ದು.

ಈಗ ಚೀಟಿ ತೆಗೆಯಿರಿ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಮೊಳ ಇರಬೇಕಲ್ಲ? ನನ್ನದು ಹತ್ತೊಂಬತ್ತು ಅಂಗುಲ. ನಮ್ಮ ಮನೆಯಾಕೆಯದು ಹದಿನಾರೂ ಮುಕ್ಕಾಲು. ಬೇಕಿದ್ದರೆ ಬಂದು ಅಳೆದು ನೋಡಿ.