ಪ್ರಕೃತಿದರ್ಶನ: ಕರಿಕೆಯ ಘಟ್ಟದಲ್ಲಿ

ಭೂಮಿಯ ಉತ್ತರದ ಅಂಚಿನಲ್ಲಿರುವ ಐಸ್‌ಲೆಂಡ್ ದ್ವೀಪದಲ್ಲಿ ಬೆಂಕಿಯನ್ನುಗುಳುವ ಪರ್ವತಗಳ ಮೇಲೆಯೇ ಹಿಮನದಿಗಳು ಹಾಸಿಕೊಂಡಿವೆ. 2010ರಲ್ಲಿ ಅಂತಹದೊಂದು ಪರ್ವತವು ಹಿಮದ ಹೊದಿಕೆಯನ್ನು ಸೀಳಿ ಬೂದಿಯನ್ನೆರಚಲು, ಯೂರೋಪಿನ ವಿಮಾನಸಂಚಾರವು ಬಹುಮಟ್ಟಿಗೆ ದಿನಗಟ್ಟಲೆ ನಿಂತುಹೋಯಿತು. ಆ ದ್ವೀಪದ ಚಿತ್ರಗಳನ್ನು ನೋಡಿದ ಮನೆಮಂದಿ, ನಮ್ಮ ನಾಡಿನಲ್ಲಿ ಇಂತಹ ಸೋಜಿಗವೊಂದೂ ಇಲ್ಲವಲ್ಲಾ ಎಂದು ಕೊರಗುವುದುಂಟು. ಬೆಂಕಿಯ ಕುರುಹನ್ನೇ ನೋಡಬೇಕೆನ್ನುವವರು ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಗಳಿಗೆ ಹೋಗಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಕುದಿದು ಉಕ್ಕಿದ ಶಿಲೆಯು ಆರಿ, ಸೀಳಿ, ಕಂಬಗಳಾಗಿ ನಿಂತಿರುವುದನ್ನು ಅಲ್ಲಿ ಕಾಣಬಹುದು. ಕೊಡಗಿನ ಬೆಟ್ಟಗಳಾದರೋ ಅಗ್ನಿಪರ್ವತಗಳಲ್ಲ. ಅಲ್ಲಿ ಹಿಮವೂ ಬೀಳದು. ಕೇರಳದ ಗಡಿಗೆ ತಾಗಿರುವ ಕರಿಕೆಯ ಸುತ್ತಮುತ್ತ ಪರ್ವತವನ್ನು ಕೆತ್ತುವುದು, ನೀರನ್ನು ಕೂಡಿಡುವುದು, ಒಮ್ಮೊಮ್ಮೆ ಬೆಟ್ಟವನ್ನೇ ಕೆಡಹುವುದು, ಇವೆಲ್ಲವೂ ಮಳೆಯೊಂದರ ಕೆಲಸವಾಗಿರುವುದು.

ಮಡಿಕೇರಿಯಿಂದ ಹೊರಟವರು ಮೊದಲು ಕಾವೇರಿ, ಕನ್ನಿಕೆ, ಸುಜ್ಯೋತಿಗಳು ಕೂಡುವ ಭಾಗಮಂಡಲವನ್ನು ಸೇರುವರು. ಅಲ್ಲಿಂದ ಮೇಲೆ ತಲಕಾವೇರಿ. ಪಶ್ಚಿಮಕ್ಕೆ ಕಾಡಿನೊಳಗೆ ಇಳಿಯುವುದು ಕರಿಕೆಯ ಘಟ್ಟದ ದಾರಿ. ತಲಕಾವೇರಿಯು ಸಮುದ್ರಮಟ್ಟಕ್ಕಿಂತ ಸುಮಾರು 1276 ಮೀಟರು ಎತ್ತರದಲ್ಲಿದೆ. ಅದರ ನೆತ್ತಿಯ ಮೇಲಿನ ಬ್ರಹ್ಮಗಿರಿಯ ತುದಿಯಿಂದ ಪಶ್ಚಿಮಕ್ಕೆ ನೋಡಿದರೆ ಸಾಲುಸಾಲಾಗಿ ಇಳಿದುಹೋಗುವ ನೀಲಿ ಬೆಟ್ಟಗಳು ಕಾಣುವುವು. (ಬ್ರಹ್ಮಗಿರಿಯೆಂಬ ಹೆಸರು ಕೊಡಗಿನಲ್ಲಿ ಎರಡು ಕಡೆ ಉಂಟು. ಇರ್ಪು ಜಲಪಾತದ ಮೇಲಿನ ದಕ್ಷಿಣದ ಬ್ರಹ್ಮಗಿರಿ ಬೇರೆ, ಇದು ಬೇರೆ. ಹೆಸರನ್ನು ನಂಬಿ ಹೊರಟು ಜಿಲ್ಲೆಯ ಇನ್ನೊಂದು ತುದಿಯನ್ನು ಸೇರಬಾರದು.)

ಈ ಸಾಲಿನ ಬೆಟ್ಟಗಳೇ ನೀರಿಗೆ ದಾರಿ ಹಂಚಿಕೊಡುವ ಗಡಿ. ಪೂರ್ವದ ಮಗ್ಗುಲಿಗೆ ಬಿದ್ದ ಹನಿಯು ಕಾವೇರಿಯಾಗಿ, ಮೈಸೂರು ಸೀಮೆಯನ್ನೂ ತಮಿಳುನಾಡನ್ನೂ ತಣಿಸುತ್ತಾ ಸುಮಾರು 800 ಕಿಲೋಮೀಟರು ನಡೆದು ಬಂಗಾಳಕೊಲ್ಲಿಯನ್ನು ಸೇರುವುದು. ಪಶ್ಚಿಮದ ಮಗ್ಗುಲಿಗೆ, ಎಂದರೆ ಕರಿಕೆಯ ಕಡೆಗೆ, ಬಿದ್ದ ಹನಿಗೆ ಅಷ್ಟು ಪುರಸತ್ತಿಲ್ಲ. ಅದು ಬಂಡೆಯಿಂದ ಬಂಡೆಗೆ ಧುಮುಕಿ, ಚಂದ್ರಗಿರಿ ಹೊಳೆಯಲ್ಲಿ ಬೆರೆತು, ನೂರು ಕಿಲೋಮೀಟರು ಚಿಲ್ಲರೆಯಲ್ಲಿಯೇ ಕಾಸರಗೋಡಿನ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುವುದು. ಕರಿಕೆಯ ದಾರಿಯ ತಿರುವು ತಿರುವಿಗೂ ಝರಿಗಳಿರುವುದಕ್ಕೆ ಈ ಕಡಿದಾದ ಇಳಿಜಾರೇ ಕಾರಣ. ಅವುಗಳಲ್ಲಿ ಅನೇಕಕ್ಕೆ ಹೆಸರೇ ಇಲ್ಲ; ಹೆಸರಿಲ್ಲದ್ದರಿಂದಲೇ ಅವು ಇನ್ನೂ ಚೆನ್ನಾಗಿ ಉಳಿದಿವೆಯೆಂದು ನನ್ನ ಎಣಿಕೆ.

ಮಳೆಯು ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಯ್ಯುವುದು. ಭಾಗಮಂಡಲದ ಕಡೆ ವರ್ಷದ ಮಳೆ 5000 ಮಿಲಿಮೀಟರನ್ನು ಮೀರುವುದುಂಟು. ಅಷ್ಟೂ ನೀರು ಒಂದೇ ಅಂಗಳದಲ್ಲಿ ನಿಂತರೆ ಮೂರಾಳು ಮುಳುಗಿಯಾವು. ಹೀಗಿದ್ದೂ ಜನವರಿಯಲ್ಲಿ ತೊರೆಗಳು ಹರಿಯುತ್ತಲೇ ಇರುವುದೇಕೆ? ಹಿಮಾಲಯದಲ್ಲಿ ಹಿಮನದಿಯು ನೀರನ್ನು ಕಟ್ಟಿಟ್ಟು ಬೇಸಗೆಯಲ್ಲಿ ಕೊಡುವುದನ್ನು ವಾಚಕರು ಬಲ್ಲರು. ಇಲ್ಲಿ ಆ ಕೆಲಸ ಶೋಲಾ ಕಾಡಿನದು. ಬೆಟ್ಟದ ನೆತ್ತಿಯಲ್ಲೆಲ್ಲ ಹುಲ್ಲು. ಎರಡು ದಿಣ್ಣೆಗಳು ಕೂಡುವ ಮಡಿಕೆಯಲ್ಲಿ ಮಾತ್ರ, ಸೀರೆಯ ನೆರಿಗೆಯೊಳಗೆ ಕಪ್ಪು ನೆರಳು ಸೇರಿಕೊಂಡಂತೆ, ಗುಜ್ಜು ಮರಗಳ ದಟ್ಟ ಕಾಡು. ಅದರೊಳಗೆ ಕಾಲಿಟ್ಟರೆ ನೆಲವು ಹಾಸಿಗೆಯಂತೆ ಕುಸಿಯುವುದು. ತರಗೆಲೆ, ಬೇರು, ಪಾಚಿ, ಕೊಳೆತ ಮಣ್ಣು, ಇವು ಮಳೆಯನ್ನು ಹೀರಿಕೊಂಡು ಹನಿಹನಿಯಾಗಿ ಬಿಡುವುವು. ಮೇಲಿನ ಹುಲ್ಲಿಗೆ ಬೇಸಗೆಯಲ್ಲಿ ಬೆಂಕಿ ಬಿದ್ದರೆ ಶೋಲೆಯ ಅಂಚು ಸುಡುವುದು. ಅಂಚು ಸುಟ್ಟು ಹಿಂದೆ ಸರಿದಷ್ಟೂ ತೊರೆಯು ಬೇಗನೆ ಬತ್ತುವುದು. ಚಾರಣಿಗನೊಬ್ಬನು ಎಸೆದ ಬೀಡಿಯ ತುಂಡಿಗೂ ಮನೆಯ ನಲ್ಲಿಯ ನೀರಿಗೂ ಇರುವ ನಂಟು ಇಷ್ಟು ಹತ್ತಿರದ್ದು. ಈ ಕಾಡುಗಳ ಒಂದು ಪಾಲು 1987ರಲ್ಲಿ ತಲಕಾವೇರಿ ವನ್ಯಜೀವಿಧಾಮವೆನಿಸಿತು. 2012ರಲ್ಲಿ ಪಶ್ಚಿಮಘಟ್ಟದ ಇತರ ಕಾಡುಗಳೊಡನೆ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಇನ್ನು ಮಳೆಯ ಮತ್ತೊಂದು ಮುಖವನ್ನು ಹೇಳದೆ ಇದ್ದರೆ ಈ ಬರಹವು ಅಪಾಯಕಾರಿಯಾದೀತು. ಇಲ್ಲಿಯ ತಳದ ಬಂಡೆಯು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ಗಟ್ಟಿಯಾದುದು. ಅದರ ಮೇಲೆ ಹೊದ್ದಿರುವ ಮಣ್ಣು ಮಾತ್ರ ಸಡಿಲವಾದುದು. ದಿನಗಟ್ಟಲೆ ಮಳೆ ಹಿಡಿದಾಗ ಮಣ್ಣು ನೀರು ಕುಡಿದು ಭಾರವಾಗುವುದು, ಬಂಡೆಯ ಮೇಲಿನ ಹಿಡಿತ ತಪ್ಪುವುದು. ರಸ್ತೆಗಾಗಿಯೋ ಮನೆಗಾಗಿಯೋ ಇಳಿಜಾರಿನ ಬುಡವನ್ನು ಕಡಿದಿದ್ದರಂತೂ ಕೇಳುವುದೇ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳು ಜರಿದು ಮನೆ ತೋಟಗಳನ್ನು ನುಂಗಿದುವು. 2020ರ ಆಗಸ್ಟಿನ ಒಂದು ರಾತ್ರಿ ತಲಕಾವೇರಿಯಲ್ಲಿಯೇ ಬೆಟ್ಟವು ಕುಸಿದು, ಅರ್ಚಕರ ಮನೆಯೊಡನೆ ಐವರನ್ನು ಕೊಂಡೊಯ್ದಿತು. ಕರಿಕೆಯ ರಸ್ತೆಯಲ್ಲಿಯೂ ಮಳೆಗಾಲಕ್ಕೆ ಮಣ್ಣು ಜರಿಯುವುದು ಹೊಸತಲ್ಲ.

ಆದುದರಿಂದ, ಝರಿಗಳು ತುಂಬಿರುವಾಗಲೇ ನೋಡಬೇಕೆಂಬ ಆಸೆಯಿಂದ ಮಕ್ಕಳು ಮುದುಕರೊಡನೆ ಜುಲೈ ಆಗಸ್ಟಿನಲ್ಲಿ ಈ ಘಟ್ಟಕ್ಕಿಳಿಯುವುದು ತರವಲ್ಲ. ಮಳೆಯ ದಿನಗಳಲ್ಲಿ ಅಲ್ಲಿರಲೇಬೇಕಾದವರು ಕೆಲವು ಕುರುಹುಗಳನ್ನು ನೆನಪಿಡಬೇಕು: ತಿಳಿಯಾಗಿ ಹರಿಯುತ್ತಿದ್ದ ತೊರೆಯು ಫಕ್ಕನೆ ಕೆಂಪಾದರೆ, ಅಥವಾ ಮಳೆ ಸುರಿಯುತ್ತಿರುವಾಗಲೇ ಅದರ ನೀರು ತಗ್ಗಿದರೆ, ಮೇಲೆಲ್ಲಿಯೋ ಮಣ್ಣು ಜರಿದಿದೆಯೆಂದು ತಿಳಿಯಬೇಕು. ನೆಟ್ಟಗಿದ್ದ ಮರಗಳು ವಾಲಿದರೂ, ಅಂಗಳದಲ್ಲಿ ಹೊಸ ಬಿರುಕು ಕಂಡರೂ ಪಾತ್ರೆಪಡಗಗಳ ಆಸೆ ಬಿಟ್ಟು ಹೊರಡಬೇಕು. ತೊರೆಯ ದಾರಿಯನ್ನು ಬಿಟ್ಟು ಪಕ್ಕಕ್ಕೆ ಸರಿಯಬೇಕಲ್ಲದೆ ಅದರ ಉದ್ದಕ್ಕೂ ಕೆಳಗೋಡಬಾರದು.

ನೋಡುವ ಕಾಲವೆಂದರೆ ತುಲಾ ಸಂಕ್ರಮಣದ ಜಾತ್ರೆಯ ಜನಸಂದಣಿ ಕರಗಿದ ಮೇಲೆ, ನವೆಂಬರಿನಿಂದ ಜನವರಿ. ಆಗ ಹುಲ್ಲು ಇನ್ನೂ ಹಸಿರು, ಝರಿಗಳಲ್ಲಿ ಜೀವ ಉಂಟು, ಇಂಬಳಗಳ ಕಾಟ ಕಡಮೆ. ಕಚ್ಚಿದರೆ ಉಪ್ಪು ಸಾಕು. ಕಾಲಿನಲ್ಲಿ ಕಸುವುಳ್ಳವರು ಕಕ್ಕಬೆಯ ಕಡೆಯಿಂದ ತಡಿಯಂಡಮೋಳನ್ನು ಏರಬಹುದು. 1748 ಮೀಟರು ಎತ್ತರದ ಅದೇ ಕೊಡಗಿನ ಅತ್ಯುನ್ನತ ಶಿಖರ. ಯಾವ ಬೆಟ್ಟಕ್ಕೇ ಆಗಲಿ, ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು. ಕೆಲವು ದಾರಿಗಳನ್ನು ಆಗಾಗ್ಗೆ ಮುಚ್ಚುವರು. ಆನೆಗಳ ಸೀಮೆಯಾದುದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಲೇಸು. ಕರಿಕೆಯಲ್ಲಿ ಅರೆಭಾಷೆ, ಮಲೆಯಾಳ, ಕನ್ನಡ ಮೂರೂ ಕಿವಿಗೆ ಬೀಳುವುದರಿಂದ ಮಾತಿಗೆ ತೊಡಕಿಲ್ಲ. ಬುತ್ತಿಯನ್ನು ಬಾಳೆಯೆಲೆಯಲ್ಲಿ ಕಟ್ಟಿಕೊಂಡರೆ ಹಿಂದಕ್ಕೆ ಹೊರುವ ಭಾರವೂ ತಪ್ಪುವುದು. ಮಧ್ಯಾಹ್ನ ಮೂರು ಗಂಟೆಗೆಲ್ಲ ಮರಳಬೇಕು; ಸಂಜೆಯ ಮಂಜು ಘಟ್ಟವನ್ನು ಮುಸುಕಿತೆಂದರೆ ಮುಂದಿನ ತಿರುವು ಕಾಣಿಸದು.