ವಿನಾಯಿತಿಯಿಂದ ವಿದ್ಯೆ ಬಾರದು

ತಮಿಳುನಾಡಿನ ಸರ್ಕಾರವು 2006ರಲ್ಲಿ ತಮಿಳು ಕಲಿಕೆಯ ಅಧಿನಿಯಮವನ್ನು ಜಾರಿಗೆ ತಂದು, ಒಂದನೆಯ ತರಗತಿಯಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಪ್ರಥಮ ಭಾಷೆಯಾಗಿ ಕಡ್ಡಾಯಗೊಳಿಸುತ್ತ ಬಂದು, ಆ ಕ್ರಮವು 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿದಂದಿನಿಂದ, ಹೊಸೂರು, ತಳಿ, ದೆಂಕಣಿಕೋಟೆ, ರಾಯಕೋಟೆ ಸೀಮೆಯ ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳ ಹಣೆಬರಹವು ನ್ಯಾಯಾಲಯದ ಆಜ್ಞೆಗಳಿಗೆ ಗಂಟುಬಿದ್ದಿದೆ. ಅಲ್ಪಸಂಖ್ಯಾತ ಭಾಷಿಕರ ಮೊರೆಯನ್ನಾಲಿಸಿ ಮದರಾಸಿನ ಉಚ್ಚ ನ್ಯಾಯಾಲಯವು ತಮಿಳು ಪತ್ರಿಕೆಯಿಂದ ವಿನಾಯಿತಿ ಕೊಡಿಸಿತು; 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೊಂದು ವರ್ಷಕ್ಕೆ ವಿಸ್ತರಿಸಿತು. ತಮಿಳಿಗೆ ಅವಮಾನವಾಯಿತೆಂದು ಕೆಲವರು ಕನಲಿದರು, ಕನ್ನಡಕ್ಕೆ ಜಯವಾಯಿತೆಂದು ಕೆಲವರು ಹಿಗ್ಗಿದರು. ಆ ಹುಡುಗನಿಗೆ, ಆ ಹುಡುಗಿಗೆ, ಜೀವಶಾಸ್ತ್ರದ ಪಾಠ ತಿಳಿಯಿತೆ ಎಂಬ ಪ್ರಶ್ನೆ ಮಾತ್ರ ಎರಡು ಪಕ್ಷದವರ ಬಾಯಲ್ಲೂ ಬರಲಿಲ್ಲ.

ವಿನಾಯಿತಿಯು ಅಂಕಪಟ್ಟಿಗೆ ಮಾಡುವ ಉಪಕಾರ. ನಮ್ಮ ಆಡಳಿತವು ಎರಡು ಬಗೆಯ ಮಕ್ಕಳಿಗೆ ಇದನ್ನು ಧಾರಾಳವಾಗಿ ಹಂಚುತ್ತ ಬಂದಿದೆ: ಭಾಷೆ ಬೇರೆಯಾದವರಿಗೆ ತಮಿಳು ಪತ್ರಿಕೆಯಿಂದ ಬಿಡುಗಡೆ, ಅಂಗವೈಕಲ್ಯವುಳ್ಳವರಿಗೆ ಒಂದು ಭಾಷೆಯಿಂದ ಬಿಡುಗಡೆ, ಒಂದು ಗಂಟೆಯ ಹೆಚ್ಚಿನ ಕಾಲ, ಉತ್ತರ ಬರೆದುಕೊಡಲು ಒಬ್ಬ ಸಹಾಯಕ. ಇವುಗಳಲ್ಲಿ ಯಾವುದನ್ನೂ ಕಿತ್ತುಕೊಳ್ಳಬೇಕೆಂದು ನಾನು ಹೇಳುವವನಲ್ಲ. ಆದರೆ ಪರೀಕ್ಷೆಯ ದಿನ ತೋರಿದ ದಯೆಯು ವರ್ಷವಿಡೀ ಪಾಠದಲ್ಲಿ ನಡೆದ ಉಪೇಕ್ಷೆಯನ್ನು ತೊಡೆಯಲಾರದು. ಮಿಗಿಲಾಗಿ, ಹೇಗೂ ವಿನಾಯಿತಿ ಉಂಟಲ್ಲ ಎಂಬ ನೆಮ್ಮದಿಯೇ ಆ ಉಪೇಕ್ಷೆಗೆ ನೆಲೆಯಾಗುತ್ತದೆ.

ಶಾಸನದ ರಚನೆಯಲ್ಲಿಯೇ ಒಂದು ವಿಪರ್ಯಾಸವಿದೆ. ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. ಸಾಧ್ಯವಾದಮಟ್ಟಿಗೆ ಮಗುವಿನ ಮಾತಿನಲ್ಲಿಯೇ ಕಲಿಸಬೇಕೆನ್ನುವ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಗೆ ನಿಲ್ಲುತ್ತದೆ. ಕೋಶ, ಅಂಗಾಂಶ, ಹಾರ್ಮೋನು, ಆನುವಂಶಿಕತೆ ಮೊದಲಾದ ಬರಿಗಣ್ಣಿಗೆ ಗೋಚರಿಸದ ವಿಷಯಗಳು ದಟ್ಟೈಸಿ ಬರುವುದೂ, ಅವನ್ನು ಗ್ರಹಿಸಲು ಭಾಷೆಯ ಆಸರೆಯು ಹಿಂದೆಂದಿಗಿಂತಲೂ ಹೆಚ್ಚಾಗಿ ಬೇಕಾಗುವುದೂ ಒಂಬತ್ತು, ಹತ್ತನೆಯ ತರಗತಿಗಳಲ್ಲಿ. ಕಾನೂನು ಕೈಬಿಡುವುದೂ ಸರಿಯಾಗಿ ಅಲ್ಲಿಯೇ. ಅಲ್ಲಿಂದಾಚೆಗೆ ಆ ಮಕ್ಕಳಿಗೆ ಉಳಿಯುವ ಆಶ್ರಯ ಉಪಾಧ್ಯಾಯರೊಬ್ಬರೇ.

ಆ ಉಪಾಧ್ಯಾಯರ ಪ್ರಥಮ ಕರ್ತವ್ಯವು, ಮಕ್ಕಳು ಆಗಲೇ ಬಲ್ಲ ಜೀವಲೋಕದಿಂದ ಪಾಠವನ್ನು ಆರಂಭಿಸುವುದು. 1791ರಲ್ಲಿ ಇಂಗ್ಲಿಷರು ರಾಯಕೋಟೆಯ ದುರ್ಗವನ್ನು ಟಿಪ್ಪುವಿನಿಂದ ಗೆದ್ದುಕೊಂಡಂದಿನಿಂದ ಈ ಸೀಮೆಯ ಒಡೆತನವೂ ಎಲ್ಲೆಗಳೂ ಹಲವು ಸಲ ಬದಲಾದುವು. ಮನೆಮಾತುಗಳು ಎಲ್ಲೆಗೆ ತಕ್ಕಂತೆ ಸರಿದುಹೋಗಲಿಲ್ಲ, ಹೊಲದ ಬೆಳೆ ಯಾವ ಭಾಷೆಯನ್ನೂ ಕೇಳಿ ಮೊಳೆಯಲಿಲ್ಲ. ಇಲ್ಲಿನ ಟೊಮೇಟೊ ಮಂಡಿಯ ಹೆಸರು ದೂರದೂರಿಗೂ ಮುಟ್ಟಿದೆ. ಹೈಬ್ರಿಡ್ ಟೊಮೇಟೊದ ಬೀಜವನ್ನು ಹಣ್ಣಿನಿಂದಲೇ ಉಳಿಸಿಕೊಂಡು ಬಿತ್ತಿದರೆ ಮರುಬೆಳೆಯಲ್ಲಿ ಗಿಡಗಳು ಒಂದೊಂದು ಬಗೆಯಾಗುವುವೆಂಬುದನ್ನೂ, ಆದಕಾರಣವೇ ಅಪ್ಪ ಪ್ರತಿ ಬೆಳೆಗೂ ಬೀಜಕ್ಕೆ ಹಣ ಸುರಿಯಬೇಕೆಂಬುದನ್ನೂ ಬೇಸಾಯಗಾರರ ಮಗಳು ಬಲ್ಲಳು. ಮೆಂಡೆಲನು ಬಟಾಣಿಯಲ್ಲಿ ಕಂಡ ವಿಂಗಡಣೆಯ ನಿಯಮವು ಇದೇ ಆಗಿದೆ. ಸಾನಮಾವು ಕಾಡಿಗೆ ಬರುವ ಆನೆಯ ಹಿಂಡು ರಾಗಿಯ ಹೊಲಕ್ಕೆ ನುಗ್ಗುವುದೇಕೆಂದು ಬಲ್ಲವನಿಗೆ ಆವಾಸ, ಆಹಾರ, ವಲಸೆಗಳ ಪಾಠ ಅರ್ಧ ಆಗಿಯೇ ಇದೆ. ಈ ಅರಿವನ್ನು ಆ ಮಕ್ಕಳು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಹೇಳಲು ಬಿಟ್ಟು, ಅನಂತರ ಶಾಸ್ತ್ರದ ಪರಿಭಾಷೆಗೆ ಕರೆದೊಯ್ಯುವ ಉಪಾಧ್ಯಾಯರನ್ನು ಮಾಧ್ಯಮದ ನಿಯಮ ಮುರಿದವರೆಂದು ನೋಡುವ ದೃಷ್ಟಿಯು ತೊಲಗಬೇಕು.

ಎರಡನೆಯ ಕರ್ತವ್ಯವು, ತಾನು ಬೋಧಿಸುವ ಶಾಸ್ತ್ರವನ್ನು ತನ್ನ ತರಗತಿಗೂ ಅನ್ವಯಿಸಿಕೊಳ್ಳುವುದು. ಕೆಂಪು–ಹಸಿರಿನ ವರ್ಣಾಂಧತೆಯು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಹುಡುಗರಲ್ಲಿ ಹೆಚ್ಚೆಂದು ಕಪ್ಪುಹಲಗೆಯ ಮೇಲೆ ವಿವರಿಸಿದವರೇ, ಸಫ್ರನಿನ್ನಿನ ಕೆಂಪು, ಫಾಸ್ಟ್ ಗ್ರೀನಿನ ಹಸಿರು ಬಣ್ಣಗಳನ್ನೇರಿಸಿದ ಸಸ್ಯಕಾಂಡದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅವೆರಡನ್ನು ಬೇರ್ಪಡಿಸಿ ಹೇಳಲಾರದ ಹುಡುಗನನ್ನು ದಡ್ಡನೆಂದು ಗದರುವುದುಂಟು. ಸೋದರಮಾವನನ್ನೂ ಅತ್ತೆಯ ಮಗನನ್ನೂ ವರಿಸುವ ವಾಡಿಕೆಯಿರುವ ಈ ಸೀಮೆಯಲ್ಲಿ ಅಪ್ರಬಲ ಜೀನುಗಳ ವಿಷಯವನ್ನು ಮುಚ್ಚಿಡಬಾರದು. ಹಾಗೆಂದು, ಎದುರಿಗೆ ಕುಳಿತ ಮಗುವು ತನ್ನ ಮನೆಯನ್ನೇ ಉದಾಹರಿಸಿದರೆಂದು ತಲೆ ತಗ್ಗಿಸುವಂತೆಯೂ ಹೇಳಬಾರದು. ಕಣ್ಣಿಲ್ಲದ ವಿದ್ಯಾರ್ಥಿಗೆ ಜೀವಶಾಸ್ತ್ರದ ಪ್ರಯೋಗ ಹೇಗೆ ಸಾಧ್ಯವೆಂದು ಕೇಳುವವರು, ಮೂರನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಚಿಪ್ಪುಗಳನ್ನು ಬೆರಳಿನಿಂದ ಓದಿ, ಕ್ಯಾಲಿಫೋರ್ನಿಯದಲ್ಲಿ ಪ್ರಾಧ್ಯಾಪಕನಾಗಿ ವಿಕಾಸಶಾಸ್ತ್ರದಲ್ಲಿ ಹೆಸರಾದ ಖೀರಟ್ ವರ್ಮೇಯನನ್ನು ಅರಿಯಬೇಕು. ಕೊಯ್ದ ಟೊಮೇಟೊದ ಕೋಣೆಗಳನ್ನು ಬೆರಳಿನಿಂದ ಎಣಿಸಲು ಯಾವ ಅನುದಾನವೂ ಬೇಡ.

ಎಲ್ಲರಿಗೂ ಒಂದೇ ಭಾಷೆ, ಒಂದೇ ಪಾಠ, ಒಂದೇ ಪತ್ರಿಕೆ ಎಂಬುದೇ ಸಮಾನತೆಯೆಂದು ವಾದಿಸುವವರಿಗೆ ನನ್ನ ಉತ್ತರವಿಷ್ಟೆ: ಎಲ್ಲ ಪೈರಿಗೂ ಒಂದೇ ಅಳತೆಯ ನೀರು ಹಾಯಿಸುವವನನ್ನು ಸಮದರ್ಶಿಯಾದ ಒಕ್ಕಲಿಗನೆಂದು ಯಾರೂ ಹೊಗಳುವುದಿಲ್ಲ. ನಮ್ಮವರಿಗೂ ಒಂದು ಮಾತು ಹೇಳಬೇಕು. ಶಾಲೆಯ ಮೇಲೆ ಕನ್ನಡದ ಹಲಗೆ ತೂಗಿದೊಡನೆ ಕರ್ತವ್ಯ ತೀರಿತೆನ್ನುವುದೂ, ಈ ನೆಲದಲ್ಲಿ ಬಾಳುವ ಮಗುವಿಗೆ ತಮಿಳೇ ಬೇಡವೆನ್ನುವುದೂ ಭಾಷಾಭಿಮಾನವೆನಿಸಲಾರವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿ, ಅಲ್ಲಿಯೇ ಪ್ರಾಂಶುಪಾಲರೂ ಆಗಿದ್ದ ಬಿ.ಜಿ.ಎಲ್. ಸ್ವಾಮಿಯವರು, ವಿದ್ಯಾರ್ಥಿಗಳೊಡನೆ ಅಡವಿ ಅಲೆದುದನ್ನು ‘ಹಸುರು ಹೊನ್ನು’ ಎಂಬ ಕನ್ನಡ ಕೃತಿಯಾಗಿಸಿ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ತಮಿಳು ನೆಲದಲ್ಲಿ ದುಡಿಯುವುದಕ್ಕೂ ಕನ್ನಡದಲ್ಲಿ ಶಾಸ್ತ್ರ ಹೇಳುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಒಬ್ಬರೇ ಹೊತ್ತ ಪ್ರೌಢಶಾಲೆಯಲ್ಲಿ ಇಷ್ಟೆಲ್ಲ ಸಾಧ್ಯವೆ ಎಂಬ ಆಕ್ಷೇಪವೊಂದೇ ನ್ಯಾಯವಾದುದು. ಸಾಧ್ಯವಾಗಬೇಕಾದರೆ ಸರ್ಕಾರವು ಎರಡು ಮಾತು ಬಲ್ಲ ವಿಜ್ಞಾನ ಶಿಕ್ಷಕರನ್ನು ಈ ಸೀಮೆಗೆ ನೇಮಿಸಬೇಕು. ಕನ್ನಡ–ತಮಿಳು ಪಾರಿಭಾಷಿಕ ಕೋಶವನ್ನು ಪಠ್ಯದೊಡನೆ ಮುದ್ರಿಸಿ ವರ್ಷಾರಂಭಕ್ಕೇ ತಲಪಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಕಲಿಕೆಯ ನ್ಯೂನತೆಯನ್ನೂ ಸೇರಿಸಿ 21 ಬಗೆಗಳನ್ನು ಎಣಿಸಿರುವುದರಿಂದ, ಅವುಗಳನ್ನು ಗುರುತಿಸುವ ತರಬೇತಿಯನ್ನು ಪ್ರತಿಯೊಬ್ಬ ಶಿಕ್ಷಕರಿಗೂ ಕೊಡಿಸಬೇಕು. ಇದಕ್ಕೆ ಹಣವಿಲ್ಲವೆನ್ನುವವರು, ಮಕ್ಕಳ ಭಾಷೆಯ ಮೇಲೆ ಇಷ್ಟು ವರ್ಷ ವ್ಯಾಜ್ಯ ನಡೆಸಲು ಹಣವನ್ನು ಎಲ್ಲಿಂದ ತಂದರೆಂಬುದನ್ನು ಮೊದಲು ಹೇಳಲಿ.